ಸಹಾಯ ಬೇಕು: ದುರ್ಗದ ಗಾಳಿಗೆ ಇದ್ದಿಲ ಗ್ರಿಲ್ಲೋ, ಗ್ಯಾಸ್ ಗ್ರಿಲ್ಲೋ?

ಹಿತ್ತಲಲ್ಲಿ ಎಂಟು ಜನಕ್ಕಾಗೋಷ್ಟು ಚಿಕನ್ ಸುಡೋಕೆ ಹೊಸ ಗ್ರಿಲ್ ಬೇಕು. ಸದ್ಯ ಅರ್ಧ ಡ್ರಮ್ಮಿನ ಒಲೆ, 2 ಕೆಜಿ ಬಳ್ಳಾರಿ ಜಾಲಿ ಇದ್ದಿಲು. ಬೂದಿ ಕೂರೋಕೆ 25-30 ನಿಮಿಷ, ರುಚಿಗೆ ಮಾತಿಲ್ಲ. ಆದ್ರೆ ಚಿತ್ರದುರ್ಗದ ಆಷಾಢದ ಗಾಳಿ ಗೊತ್ತಲ್ಲ, ಕೆಂಡ ಭಗ್ ಅಂದು ಲೆಗ್ ಪೀಸು ಹೊರಗೆ ಕರಕಲು, ಮೂಳೆ ಹತ್ರ ಇನ್ನೂ ಕೆಂಪು. ಕೆಂಡ ಒಂದು ಕಡೆ ಒಟ್ಟಿ, ಖಾಲಿ ಕಡೆ ಪೀಸಿಟ್ಟು ಮುಚ್ಚಿದ್ದಾಯ್ತು, ತಗಡು ಅಡ್ಡ ನಿಲ್ಲಿಸಿದ್ದೂ ಆಯ್ತು. ಕೆಳಗಿನ ಕಿಂಡಿ ಮುಚ್ಚಿದ್ರೆ ಕೆಂಡವೇ ಆರುತ್ತೆ.

ಗ್ಯಾಸಲ್ಲಿ ಉರಿ ಕೈಲಿರುತ್ತೆ, ಒಪ್ಪೋಣ. ಮನೆ ಸಿಲಿಂಡರಿನ ರೆಗ್ಯುಲೇಟರ್ ಕೊಡೋದು ಸುಮಾರು 30 ಮಿಲಿಬಾರ್ ಒತ್ತಡ ಅಷ್ಟೇ. 3 ಬರ್ನರಿನ ಗ್ರಿಲ್ಲಿಗೆ ಅದು ಸಾಕಾ, ಗಾಳೀಲಿ ಉರಿ ನಿಲ್ಲುತ್ತಾ? ಇಲ್ಲ, ಮೇಲೂ ಕೆಳಗೂ ಕಿಂಡಿ ಇರೋ ಮುಚ್ಚಳದ ಇದ್ದಿಲ ಗ್ರಿಲ್ಲೇ ವಾಸಿನಾ? ಬಳಸಿದವರು ಹೇಳಿ.