‘ಒರಿಜಿನಲ್’ ಅಲ್ಲ, ‘ಡೂಪ್ಲಿಕೇಟ್’ ಕೂಡ ಅಲ್ಲ: ಇಂಥ ಸೈಕಲ್ ಬಿಡಿಭಾಗಕ್ಕೆ ಏನು ಹೇಳುವುದು?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಸೈಕಲ್ ಮಾಡಿದವರು ಒಬ್ಬರು. ಅದಕ್ಕೆ ಆಮೇಲೆ ಹಾಕಿಸುವ ಬಿಡಿಭಾಗವನ್ನು ತನ್ನದೇ ಹೆಸರಲ್ಲಿ ಮಾಡಿ ಮಾರುವ ಕಂಪೆನಿ ಇನ್ನೊಂದು. ಈ ಬಗೆಯ ಬಿಡಿಭಾಗಕ್ಕೆ ಕನ್ನಡದಲ್ಲಿ ಏನು ಹೇಳುತ್ತೀರಿ? ಇಂಗ್ಲಿಷಿನಲ್ಲಿ ಆಫ್ಟರ್‌ಮಾರ್ಕೆಟ್ ಅನ್ನುತ್ತಾರೆ. ಅದನ್ನು ಪದಕ್ಕೆ ಪದ ಇಟ್ಟು ‘ಮಾರುಕಟ್ಟೆಯ ನಂತರದ ಭಾಗ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ನಮ್ಮ ವಾಚನಾಲಯದ ಮಕ್ಕಳಿಗಾಗಿ ಸೈಕಲ್ ರಿಪೇರಿಯ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಅದಕ್ಕೇ ಈ ಪ್ರಶ್ನೆ. ಹೆಚ್ಚಿನ ಮಕ್ಕಳದ್ದು ಅಣ್ಣನಿಂದಲೋ ಮಾವನ ಮಗನಿಂದಲೋ ಬಂದ ಹಳೇ ಸೈಕಲ್ಲು. ಕಮ್ಮಿ ಖರ್ಚಿನಲ್ಲಿ ಅದನ್ನು ಚೆನ್ನಾಗಿ ಓಡುವ ಹಾಗೆ ಮಾಡುವುದು ಹೇಗೆ, ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂದು ತಿಳಿಸುವುದು ಕೈಪಿಡಿಯ ಕೆಲಸ. ಬರೆಯಲು ಕೂತರೆ ಪದಗಳೇ ಅಡ್ಡ ಬರುತ್ತಿವೆ.

ನಮ್ಮ ಕಡೆಯ ಅಂಗಡಿಗಳಲ್ಲಿ ಮಾತು ಎರಡೇ. ಒಂದೋ ‘ಒರಿಜಿನಲ್’, ಇಲ್ಲದಿದ್ದರೆ ‘ಡೂಪ್ಲಿಕೇಟ್’. ಕನ್ನಡದವರು, ಮಲಯಾಳದವರು, ತುಳುವರು, ಬ್ಯಾರಿಗಳು ಎಲ್ಲರ ಬಾಯಲ್ಲೂ ಇವೇ ಎರಡು. ಕುಂಬಳೆಯಿಂದ ಮುಳ್ಳೇರಿಯದವರೆಗೆ ಎಲ್ಲಿ ಹೇಳಿದರೂ ಅರ್ಥವಾಗುತ್ತದೆ. ಆದರೆ ಫ್ರೀವೀಲು, ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರ, ಕೊಳ್ಳುವಾಗಿನ ಈ ಮಾತುಕತೆ ನೋಡಿ:

“ಅಣ್ಣಾ, ಈ ಫ್ರೀವೀಲು ಒರಿಜಿನಲಾ?”

“ಸೈಕಲ್ ಕಂಪೆನಿದಲ್ಲ ಮಾರಾಯ, ಬೇರೆ ಕಂಪೆನಿದು. ಒಳ್ಳೇದುಂಟು.”

“ಹಾಗಾದ್ರೆ ಡೂಪ್ಲಿಕೇಟಾ?”

ಅಂಗಡಿಯವರು ಏನು ಹೇಳಬೇಕು? ಹೌದು ಎಂದರೆ ಸುಳ್ಳು. ಅಲ್ಲ ಎಂದರೆ ಹುಡುಗನಿಗೆ ಅನುಮಾನ. ಆ ಫ್ರೀವೀಲು ಶಿಮಾನೊದ್ದು ಎಂದಿಟ್ಟುಕೊಳ್ಳಿ. ಜಪಾನಿನ ಸಕಾಯ್‌ನಲ್ಲಿ 1921ರಲ್ಲಿ ಶುರುವಾದ ಕಂಪೆನಿ ಅದು. ಅವರು ಮೊಟ್ಟಮೊದಲು ಮಾಡಿದ್ದೇ ಫ್ರೀವೀಲು. ಸೈಕಲ್ಲಿನ ಲೋಕದಲ್ಲಿ ಬಿಡಿಭಾಗವೇ ಅವರ ಕಸುಬು, ಇಡೀ ಸೈಕಲ್ ಅಲ್ಲ. ಲುಧಿಯಾನದಲ್ಲಿ ತಯಾರಾದ ಸಾದಾ ಗೇರ್ ಸೈಕಲ್ಲಿಗೆ ಅವರ ಫ್ರೀವೀಲ್ ಹಾಕಿಸಿದರೆ ಅದು ಸೈಕಲ್ಲಿನ ಜೊತೆ ಬಂದದ್ದಲ್ಲ, ನಿಜ. ಹಾಗಂತ ಕಳ್ಳಮಾಲೂ ಅಲ್ಲ. ಎಷ್ಟೋ ಸಲ ಜೊತೆಗೆ ಬಂದದ್ದಕ್ಕಿಂತ ಒಳ್ಳೆಯದೇ ಆಗಿರುತ್ತದೆ.

ಬಿಡಿಸಿ ನೋಡಿದರೆ ಇಲ್ಲಿ ನಾಲ್ಕು ಬಗೆಯ ಮಾಲು ಇದೆ. ಸೈಕಲ್ಲಿನ ಜೊತೆಗೇ ಬಂದದ್ದು ಅಥವಾ ಅದೇ ಕಂಪೆನಿ ಬೇರೆಯಾಗಿ ಮಾರುವುದು ಒಂದು. ಇನ್ನೊಂದು ಕಂಪೆನಿ ತನ್ನದೇ ಹೆಸರಲ್ಲಿ ಮಾರುವುದು ಎರಡನೆಯದು. ಯಾರ ಹೆಸರೂ ಇಲ್ಲದೆ ಗೋಣಿಯಲ್ಲೋ ಡಬ್ಬದಲ್ಲೋ ಬಿಡಿಯಾಗಿ ಬರುವುದು ಮೂರನೆಯದು. ಹೆಸರಾಂತ ಕಂಪೆನಿಯ ಹೆಸರನ್ನು ಕದ್ದು, ಇಲ್ಲವೇ ಒಂದಕ್ಷರ ತಿರುಚಿ ಹಾಕಿಕೊಂಡದ್ದು ನಾಲ್ಕನೆಯದು. ಮೋಸ ಇರುವುದು ಈ ನಾಲ್ಕನೆಯದರಲ್ಲಿ ಮಾತ್ರ. ನಮ್ಮ ‘ಡೂಪ್ಲಿಕೇಟ್’ ಮಾತ್ರ ಕೊನೆಯ ಮೂರನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತದೆ.

ಇದರಿಂದ ದುಡ್ಡೂ ಹಾಳು, ಜೀವಕ್ಕೂ ಅಪಾಯ. ‘ಡೂಪ್ಲಿಕೇಟ್ ಬೇಡ’ ಎಂದು ಮನೆಯಲ್ಲಿ ಹೇಳಿ ಕಳಿಸಿದ್ದಾರೆ ಎಂದು ಹುಡುಗಿಯೊಬ್ಬಳು ಒಳ್ಳೆಯ ಹೊರ ಕಂಪೆನಿಯ ಬ್ರೇಕ್ ಪ್ಯಾಡನ್ನು ಬಿಟ್ಟು ಬರುತ್ತಾಳೆ. ಇನ್ನೊಬ್ಬ ‘ಹೇಗೂ ಎಲ್ಲ ಡೂಪ್ಲಿಕೇಟೇ ಅಲ್ವಾ, ಅಗ್ಗದ್ದೇ ಇರಲಿ’ ಎಂದು ಹೆಸರಿಲ್ಲದ ಬ್ರೇಕ್ ಕೇಬಲ್ ಹಾಕಿಸುತ್ತಾನೆ. ಹೆಸರಿಲ್ಲದ ಮಡ್ಗಾರ್ಡ್ ಕಂಬಿ ಹಾಕಿಸಿದರೆ ಏನೂ ಆಗುವುದಿಲ್ಲ. ತುಕ್ಕು ಹಿಡಿದರೆ ಮತ್ತೊಂದು ಹಾಕಿಸಬಹುದು. ಬ್ರೇಕ್ ಕೇಬಲ್ ಇಳಿಜಾರಿನಲ್ಲಿ ತುಂಡಾದರೆ ಹಾಗಲ್ಲ.

‘ಡೂಪ್ಲಿಕೇಟ್’ಗೆ ಕನ್ನಡದಲ್ಲಿ ಒಳ್ಳೆಯ ಅರ್ಥವೂ ಉಂಟು. ಬೀಗದ ಡೂಪ್ಲಿಕೇಟ್ ಕೀ ಮಾಡಿಸುತ್ತೇವೆ, ಕಳೆದುಹೋದ ಅಂಕಪಟ್ಟಿಗೆ ಡೂಪ್ಲಿಕೇಟ್ ತರಿಸುತ್ತೇವೆ. ಅಲ್ಲಿ ಮೋಸದ ಸುಳಿವೇ ಇಲ್ಲ. ಹಾಗಾಗಿ ನಾಲ್ಕನೆಯ ಬಗೆಗೆ ‘ನಕಲಿ’ ಎಂದೇ ಬರೆಯುವುದು ಸರಿ ಎಂದು ನನ್ನ ಅನಿಸಿಕೆ. ‘ನಕಲು’ ಬರೀ ಪ್ರತಿ, ‘ನಕಲಿ’ ಮೋಸದ್ದು. ಒಂದು ಸ್ವರದಲ್ಲಿ ಎಷ್ಟು ಸೊಗಸಾಗಿ ಬೇರೆಯಾಗಿದೆ! ‘ಖೋಟಾ’ ಇನ್ನೂ ಗಟ್ಟಿ ಪದ, ಆದರೆ ಅದು ನೋಟಿಗೇ ಅಂಟಿಕೊಂಡಿದೆ. ಇಲ್ಲಿಯ ಮಕ್ಕಳು ಮಲಯಾಳ ಪತ್ರಿಕೆಯನ್ನೂ ಓದುತ್ತಾರೆ. ಅಲ್ಲಿ ನಕಲಿಗೆ ‘ವ್ಯಾಜ’ ಎಂದು ಬರೆಯುತ್ತಾರೆ. ನಮ್ಮಲ್ಲಿ ‘ನಿರ್ವ್ಯಾಜ ಪ್ರೀತಿ’ ಎಂಬಲ್ಲಿ ಆ ಅರ್ಥ ಉಳಿದಿದೆ. ಆದರೆ ಬಿಡಿಯಾಗಿ ಬರೆದರೆ ಮಕ್ಕಳು ಅದನ್ನು ‘ವ್ಯಾಜ್ಯ’ ಎಂದು ಓದುತ್ತಾರೆ, ಕೋರ್ಟು ನೆನಪಾಗುತ್ತದೆ. ಅದು ಬೇಡ.

ಕಷ್ಟ ಇರುವುದು ಎರಡನೆಯ ಬಗೆಗೆ. ‘ಬದಲಿ ಭಾಗ’ ಎಂದು ಮೊದಲು ಬರೆದೆ. ಅದು ಹಳೆಯದರ ಜಾಗದಲ್ಲಿ ಹಾಕುವುದು ಎಂದಷ್ಟೇ ಹೇಳುತ್ತದೆ, ಯಾರು ಮಾಡಿದ್ದು ಎಂದು ಹೇಳುವುದಿಲ್ಲ. ‘ಎಕ್ಸ್‌ಟ್ರಾ ಫಿಟ್ಟಿಂಗ್’ ಎಂಬ ಮಾತು ಚಾಲ್ತಿಯಲ್ಲಿದೆ, ಅದು ಬುಟ್ಟಿ, ಬೆಲ್ಲು, ಲೈಟುಗಳಿಗೆ ಸರಿ. ಇರುವುದನ್ನು ತೆಗೆದು ಹಾಕುವ ಚೈನಿಗೆ ಆಗುವುದಿಲ್ಲ. ‘ಹೊರ ಕಂಪೆನಿಯದು’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ. ಒಳ-ಹೊರ ಎಂಬ ಭೇದ ಬೇಗ ತಿಳಿಯುತ್ತದೆ. ಹೊರದೇಶದ್ದು ಎಂಬ ಅರ್ಥ ಬಂದೀತೋ ಎಂಬುದೊಂದೇ ಅಳುಕು. ಅಂಗಡಿಯ ಮಾತಿನಂತೆ ‘ಬೇರೆ ಕಂಪೆನಿದು’ ಎಂದೇ ಬಿಡೋಣವೇ? ನಿಮ್ಮ ಕಿವಿಗೆ ಯಾವುದು ಸರಿ?

ನಕಲಿಯನ್ನು ಗುರುತಿಸುವ ದಾರಿಯನ್ನೂ ಕೈಪಿಡಿಯಲ್ಲಿ ಹಾಕಿದ್ದೇನೆ. ಪ್ಯಾಕೆಟ್ಟಿನ ಮೇಲೆ ತಯಾರಿಸಿದವರ ಇಲ್ಲವೇ ತರಿಸಿದವರ ಹೆಸರು, ವಿಳಾಸ, ಎಂಆರ್‌ಪಿ, ತಿಂಗಳು-ವರ್ಷ ಇರಲೇಬೇಕು. 2011ರ ಪ್ಯಾಕೇಜು ಸರಕುಗಳ ನಿಯಮ ಹಾಗೆ ಹೇಳುತ್ತದೆ. ಹೆಸರಿನ ಅಕ್ಷರ ಒಂದೊಂದಾಗಿ ಓದಬೇಕು. ಪ್ಯಾಕೆಟ್ಟಿನಲ್ಲಿ ಒಂದು ಹೆಸರು, ಒಳಗಿನ ಕಬ್ಬಿಣದ ಮೇಲೆ ಏನೂ ಇಲ್ಲ ಎಂದರೆ ಅನುಮಾನಿಸಬೇಕು.

ಇನ್ನು ಎರಡನೆಯ ಪದ. ಇದು ನನಗೆ ಮೊದಲನೆಯದಕ್ಕಿಂತ ಮುಖ್ಯ. ಒಂದು ಬಿಡಿಭಾಗ ನಮ್ಮ ಸೈಕಲ್ಲಿಗೆ ಹೊಂದುತ್ತದೋ ಇಲ್ಲವೋ ಎಂಬುದಕ್ಕೆ ಜನ ಏನನ್ನುತ್ತಾರೆ? ನಮ್ಮಲ್ಲಿ ‘ಆಗ್ತದೆ’, ‘ಕೂರ್ತದೆ’, ‘ಸೆಟ್ ಆಗ್ತದೆ’ ಅನ್ನುತ್ತಾರೆ. ಮಲಯಾಳದಲ್ಲಿ ‘ಚೇರುಂ’. ಹವ್ಯಕರ ಮನೆಯಲ್ಲಿ ‘ಆವುತ್ತು’. ಎಲ್ಲವೂ ಬಾಯಿಗೆ ಸಲೀಸು. ಆದರೆ ಕೂರುವುದು ಬೇರೆ, ಕೆಲಸ ಮಾಡುವುದು ಬೇರೆ. ಈ ಎರಡನ್ನು ಬೇರೆ ಮಾಡುವ ಪದ ಬೇಕು.

ಬ್ರೇಕಿನ ಉದಾಹರಣೆ ಕೊಡುತ್ತೇನೆ. ಹಳೇ ಕ್ಯಾಲಿಪರ್ ಬ್ರೇಕಿನ (ಚಕ್ರದ ಮೇಲೆ ಒಂದೇ ಬೋಲ್ಟಿಗೆ ಇಕ್ಕಳದಂತೆ ಕೂರುವುದು) ಲಿವರನ್ನು ವಿ-ಬ್ರೇಕಿಗೆ (ಚಕ್ರದ ಎರಡೂ ಬದಿಗೆ ಒಂದೊಂದು ಉದ್ದ ತೋಳು ಇರುವುದು) ಜೋಡಿಸಿದರೆ ಕೇಬಲ್ ಸಿಕ್ಕಿಸಲು ಬರುತ್ತದೆ, ನಟ್ಟು ಬಿಗಿಯಾಗುತ್ತದೆ. ಎಲ್ಲ ಕೂರುತ್ತದೆ. ಆದರೆ ವಿ-ಬ್ರೇಕಿಗೆ ಬೇಕಾದ ಕೇಬಲ್ ಎಳೆತ ಕ್ಯಾಲಿಪರಿನದರ ಸುಮಾರು ಎರಡು ಪಟ್ಟು. ಆ ಲಿವರು ಅಷ್ಟು ಎಳೆಯುವುದೇ ಇಲ್ಲ. ಪ್ಯಾಡು ರಿಮ್ಮನ್ನು ಗಟ್ಟಿಯಾಗಿ ಒತ್ತುವ ಮೊದಲೇ ಲಿವರು ಹ್ಯಾಂಡಲಿಗೆ ತಾಗುತ್ತದೆ. ಇದನ್ನು ‘ಆಗ್ತದೆ’ ಎನ್ನಲು ಹೇಗೆ ಸಾಧ್ಯ?

ಟಯರಿನದ್ದು ಇನ್ನೂ ತಮಾಷೆ. ‘ಇಪ್ಪತ್ತಾರರ ಟಯರು ಕೊಡಿ’ ಎಂದರೆ ಸಾಲದು. 26 × 1.95 ಎಂದು ಬರೆದ ಟಯರು ಕೂರುವ ರಿಮ್ಮಿನ ಅಳತೆ 559 ಮಿ.ಮೀ. 26 × 1⅜ ಎಂದು ಬರೆದದ್ದು ಕೂರುವುದು 590 ಮಿ.ಮೀ. ರಿಮ್ಮಿಗೆ. ಎರಡೂ ಇಪ್ಪತ್ತಾರೇ, ನಡುವೆ 31 ಮಿ.ಮೀ. ಅಂತರ. ಒಂದರದ್ದು ಇನ್ನೊಂದಕ್ಕೆ ಎಷ್ಟು ಎಳೆದರೂ ಆಗುವುದಿಲ್ಲ. ದೊಡ್ಡ ಸೈಕಲ್ಲಿನ 28 × 1½ ಟಯರಿಗೆ 635, ಈಗಿನ 700ಸಿ ಟಯರಿಗೆ 622. ಅದಕ್ಕೇ ಟಯರಿನ ಪಕ್ಕದಲ್ಲಿ ಸಣ್ಣಕ್ಕೆ ಬರೆದ 50-559 ಎಂಬಂಥ ಜೋಡಿ ಅಂಕಿ ನೋಡಬೇಕು. ಮೊದಲನೆಯದು ಅಗಲ, ಎರಡನೆಯದು ರಿಮ್ಮಿನದ್ದು. ಅಂಗಡಿಗೆ ಹೋಗುವಾಗ ಈ ಎರಡನೆಯ ಅಂಕಿ ಬರೆದುಕೊಂಡು ಹೋಗಿ ಎಂದು ಮಕ್ಕಳಿಗೆ ಹೇಳುತ್ತೇನೆ. ಇದಕ್ಕೆ ‘ಕೂರುವ ಅಳತೆ’ ಎಂದು ಹೆಸರಿಟ್ಟಿದ್ದೇನೆ. ಒಪ್ಪಿಗೆಯೇ?

ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲಿಗೆ ನಮ್ಮಲ್ಲಿ ‘ಗೇರ್ ಪ್ಲೇಟು’ ಎಂದೇ ಹೆಸರು. ಅದರಲ್ಲೂ ಎರಡು ಜಾತಿ. ಫ್ರೀವೀಲು ಹಬ್ಬಿಗೆ ತಿರುಪಿನಂತೆ ಹತ್ತುತ್ತದೆ, ಕಟಕಟ ಎನ್ನುವ ಯಂತ್ರ ಅದರೊಳಗೇ ಇರುತ್ತದೆ. ಕ್ಯಾಸೆಟ್ಟಿನಲ್ಲಿ ಆ ಯಂತ್ರ ಹಬ್ಬಿನಲ್ಲಿ, ಹಲ್ಲುಚಕ್ರಗಳು ಬರೀ ಮೇಲಿಂದ ಜಾರಿ ಕೂರುತ್ತವೆ. ಎರಡನ್ನೂ ‘7 ಸ್ಪೀಡಿನ ಗೇರ್ ಪ್ಲೇಟು’ ಎಂದು ಕರೆದರೆ ಆನ್‌ಲೈನಿನಲ್ಲಿ ತರಿಸಿದ್ದು ಮೂಲೆ ಸೇರುತ್ತದೆ. ತಿಳಿಯಲು ಸುಲಭದ ದಾರಿ ಉಂಟು. ಚಕ್ರ ಬಿಚ್ಚಿ ಗೇರನ್ನು ಹಿಂದಕ್ಕೆ ತಿರುಗಿಸಿ. ಉಪಕರಣ ಹಾಕುವ ನಡುವಿನ ಕಚ್ಚು ಹಲ್ಲುಗಳ ಜೊತೆ ತಿರುಗಿದರೆ ಕ್ಯಾಸೆಟ್, ಅದು ನಿಂತೇ ಇದ್ದರೆ ಫ್ರೀವೀಲ್. ಏರು ಹತ್ತಲು ಕಷ್ಟವಾಗುವವರಿಗೆ 14–28 ಹಲ್ಲಿನದರ ಬದಲು 14–34ರದ್ದು ಹಾಕಿಸುವುದು ಕಮ್ಮಿ ಖರ್ಚಿನ ಒಳ್ಳೆಯ ಉಪಾಯ. ಆದರೆ ಅಷ್ಟು ದೊಡ್ಡ ಹಲ್ಲುಚಕ್ರವನ್ನು ಹಿಂದಿನ ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ, ತಡೆದುಕೊಳ್ಳಬೇಕು, ಚೈನೂ ಉದ್ದದ್ದು ಬೇಕಾದೀತು. ಇಲ್ಲೂ ಅದೇ ಪ್ರಶ್ನೆ, ಕೂತರೆ ಸಾಲದು.

‘ಕೂರುತ್ತದೆ’ ಮತ್ತು ‘ಹೊಂದುತ್ತದೆ’ ಎಂದು ಎರಡು ಪದವನ್ನು ಬೇರೆ ಬೇರೆ ಅರ್ಥಕ್ಕೆ ಇಟ್ಟುಕೊಳ್ಳಬಹುದು ಎಂದು ನನಗೆ ತೋರುತ್ತದೆ. ಸಿಕ್ಕಿಕೊಂಡರೆ ಕೂರುವುದು, ಸರಿಯಾಗಿ ಕೆಲಸ ಮಾಡಿದರೆ ಹೊಂದುವುದು. ಇದು ತೀರಾ ಎಳೆದು ತಂದದ್ದು ಎನಿಸಿದರೆ ದಯವಿಟ್ಟು ಹೇಳಿ.

ಅಪ್‌ಗ್ರೇಡಿಗೆ ‘ಮೇಲ್ದರ್ಜೆಗೇರಿಸು’ ಎಂದು ಪತ್ರಿಕೆಗಳು ಬರೆಯುತ್ತವೆ. ಆಸ್ಪತ್ರೆ, ಶಾಲೆಗೆ ಸರಿ. ಸೈಕಲ್ಲಿಗೆ ‘ಒಳ್ಳೇದು ಹಾಕಿಸುವುದು’ ಸಾಕು. ಹಾಕಿಸುವ ಕ್ರಮವನ್ನು ಮಾತ್ರ ಒತ್ತಿ ಹೇಳಿದ್ದೇನೆ. ಮೊದಲು ಬ್ರೇಕು. ನಮ್ಮಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಜಾಸ್ತಿ ಮಳೆ. ಹೊಳೆಯುವ ಸ್ಟೀಲ್ ರಿಮ್ ಒದ್ದೆಯಾದರೆ ಬ್ರೇಕ್ ಹಿಡಿಯುವುದೇ ಕಮ್ಮಿ. ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ) ರಿಮ್ ಎಷ್ಟೋ ವಾಸಿ. ಅಷ್ಟು ದುಡ್ಡಿಲ್ಲದಿದ್ದರೆ ಹೊಸ ಪ್ಯಾಡು, ಹೊಸ ಕೇಬಲ್ಲು. ಆಮೇಲೆ ಟಯರು. ಆಮೇಲೆ ಚೈನು. ಅಗ್ಗದ ಶಾಕ್ ಅಬ್ಸಾರ್ಬರ್ ಬೇಡವೇ ಬೇಡ. ಭಾರ ಜಾಸ್ತಿ, ಕಡಲ ಗಾಳಿಗೆ ಬೇಗ ತುಕ್ಕು.

ಬ್ರೇಕ್ ಪ್ಯಾಡಿಗೆ ಇಲ್ಲಿ ‘ಕಟ್ಟ’ ಎಂದೂ ಹೇಳುತ್ತಾರೆ. ಇದು ಮಲಯಾಳದ ಕಟ್ಟ, ಅಂದರೆ ಇಟ್ಟಿಗೆಯಂಥ ಗಟ್ಟಿ ತುಂಡು, ಎಂದು ನನ್ನ ಊಹೆ. ನಮ್ಮ ಏತಡ್ಕದ ಕಡೆ ತೋಡಿಗೆ ಅಡ್ಡ ಹಾಕಿ ನೀರು ನಿಲ್ಲಿಸುವ ಕಟ್ಟವೂ ಕಟ್ಟವೇ. ಅದೂ ತಡೆಯುವುದೇ, ಇದೂ ತಡೆಯುವುದೇ. ಆದರೂ ಸೈಕಲ್ಲಿನ ಕಟ್ಟ ಗುಡ್ಡೆ-ತೋಡಿನಿಂದ ಬಂದದ್ದಲ್ಲ ಎನಿಸುತ್ತದೆ. ತಿಳಿದವರು ಹೇಳಬೇಕು. ಹಾಗೆಯೇ ಸೈಕಲ್ ಪೂರ್ತಿ ಬಿಚ್ಚಿ ಗ್ರೀಸು ಹಾಕಿ ಜೋಡಿಸುವುದಕ್ಕೆ ‘ಓವರಾಯಿಲ್’ ಎನ್ನುವ ರೂಢಿ ಇದೆ. ಓವರ್‌ಹಾಲ್ ಎಂಬುದು ಎಣ್ಣೆಯ ಕಡೆ ಜಾರಿ ಹೀಗಾಗಿದೆ. ತಿದ್ದಬೇಕೆಂದು ನನಗನಿಸುವುದಿಲ್ಲ. ಕೈಪಿಡಿಯಲ್ಲಿ ಹಾಗೇ ಬರೆಯುತ್ತೇನೆ.

ಹೊಸೂರು, ತಾಳವಾಡಿ, ಅಕ್ಕಲಕೋಟೆ, ಜತ್ತ, ಆದವಾನಿ, ಮಡಕಶಿರಾ ಕಡೆಯವರು ಬಳಗದಲ್ಲಿದ್ದರೆ ನಿಮ್ಮೂರ ಸೈಕಲ್ ಶಾಪಿನ ಮಾತು ಬರೆಯಿರಿ. ತಮಿಳು, ಮರಾಠಿ, ತೆಲುಗಿನ ಜೊತೆ ಬದುಕುವ ಕನ್ನಡದಲ್ಲಿ ನಮಗೆ ಸಿಗದ ಪದ ಇದ್ದೇ ಇರುತ್ತದೆ.

ಮುಖ್ಯವಾಗಿ ಚೈನಿನ ಬಗ್ಗೆ ಕೇಳಬೇಕು. ಹೊಸ ಚೈನಿನ 24 ಕೊಂಡಿ ಅಳೆದರೆ ಸರಿಯಾಗಿ 12 ಇಂಚು. ಹಳತಾದಂತೆ ಕೊಂಡಿಯ ಪಿನ್ನು ಸವೆದು ಅದೇ 24 ಕೊಂಡಿ ಉದ್ದವಾಗುತ್ತದೆ. 1/16 ಇಂಚು ಹೆಚ್ಚಾದರೆ ಚೈನ್ ಬದಲಿಸಬೇಕು. 1/8 ಇಂಚು ಆಗುವವರೆಗೆ ಬಿಟ್ಟರೆ ಹಲ್ಲುಚಕ್ರವೂ ಸವೆದಿರುತ್ತದೆ, ಖರ್ಚು ಎರಡಾಗುತ್ತದೆ. ನಮ್ಮಲ್ಲಿ ಇದಕ್ಕೆ ‘ಚೈನ್ ಲೂಸ್ ಆಗಿದೆ’ ಎನ್ನುತ್ತಾರೆ. ಚಕ್ರವನ್ನು ಹಿಂದಕ್ಕೆ ಎಳೆದು ಬಿಗಿ ಮಾಡಿದರೆ ಸರಿಹೋಗುವ ಸಡಿಲಕ್ಕೂ ಅದೇ ಮಾತು. ಹಾಗಾಗಿ ಬಿಗಿ ಮಾಡಿಸಿಕೊಂಡು ಸವೆದ ಚೈನಿನಲ್ಲೇ ಓಡಿಸುತ್ತಾರೆ. ಪಿನ್ನು ಸವೆದು ಉದ್ದವಾದ ಚೈನಿಗೆ, ಬರೀ ಸಡಿಲವಾದ ಚೈನಿಗೆ, ನಿಮ್ಮ ಕಡೆ ಬೇರೆ ಬೇರೆ ಮಾತು ಇದೆಯೇ?