ಮೆದುಳಿಗೆ ಪೆಟ್ಟು ಬಿದ್ದರೆ ಸ್ವಭಾವವೇ ಬದಲಾಗುತ್ತೆ, ಹಾಗಾದ್ರೆ ಆತ್ಮಕ್ಕೆ ಉಳಿದ ಕೆಲಸವೇನು?

ಸಂಶಯಾತ್ಮ:
1848ರ ಸೆಪ್ಟೆಂಬರಿನಲ್ಲಿ ಅಮೆರಿಕದ ರೈಲುಹಾದಿ ಕಾಮಗಾರಿಯಲ್ಲಿ ಫಿನಿಯಾಸ್ ಗೇಜ್ ಎಂಬ ಮೇಸ್ತ್ರಿಯ ಎಡಗೆನ್ನೆಗೆ ಹೊಕ್ಕ ಕಬ್ಬಿಣದ ಸಲಾಕೆ ನೆತ್ತಿ ಸೀಳಿ ಹೊರಬಂತು. ಆತ ಸಾಯಲಿಲ್ಲ. ಆದರೆ ಹೊಣೆಗಾರ ಎನಿಸಿಕೊಂಡಿದ್ದವನು ಬಾಯಿಗೆ ಬಂದಂತೆ ಬೈಯುವ, ಹಾಕಿಕೊಂಡ ಯೋಜನೆಯನ್ನು ಅಲ್ಲೇ ಕೈಬಿಡುವ ಮನುಷ್ಯನಾದ. 'ಇವನು ಗೇಜ್ ಅಲ್ಲವೇ ಅಲ್ಲ' ಎಂದು ಗೆಳೆಯರು ಹೇಳಿದ್ದನ್ನು ವೈದ್ಯ ಹಾರ್ಲೋ ದಾಖಲಿಸಿದ್ದಾನೆ. ಕೋಪ, ತಾಳ್ಮೆ, ತೀರ್ಮಾನ, ನೆನಪು ಎಲ್ಲವೂ ಮೆದುಳಿನ ಜತೆ ಏರಿಳಿಯುವುದಾದರೆ ಆತ್ಮ ಮಾಡುವುದಾದರೂ ಏನು? ಆತ್ಮ ಬೇರೆ, ದೇಹ ಬೇರೆ ಎಂದ ಫ್ರೆಂಚ್ ತತ್ತ್ವಜ್ಞ ದೇಕಾರ್ತ್ ಮತ್ತು ನಮ್ಮ ದರ್ಶನಗಳು ಒಂದೇ ಏಟಿಗೆ ಬೀಳುತ್ತವಾ? 'ಅದು ಅನುಭವಕ್ಕೆ ಬಿಟ್ಟಿದ್ದು' ಅನ್ನೋ ಉತ್ತರ ಬೇಡ, ದರ್ಶನದ ಲೆಕ್ಕದಲ್ಲಿ ಹೇಳಿ.

ಕಾರಿಕೆ:
ಒಂದೇ ಏಟಿಗೆ ಬೀಳಲ್ಲ, ಯಾಕಂದ್ರೆ ಇಬ್ಬರೂ ಗೆರೆ ಎಳೆದ ಜಾಗವೇ ಬೇರೆ. ದೇಕಾರ್ತ್ 1641ರ ಕೃತಿಯಲ್ಲಿ 'ನಾನು' ಯಾರು ಎಂದು ಕೇಳಿಕೊಂಡು ಕೊಡುವ ಪಟ್ಟಿ ನೋಡಿ: ಸಂಶಯಪಡುವುದು, ತಿಳಿಯುವುದು, ಹೌದು ಅಲ್ಲ ಎನ್ನುವುದು, ಇಚ್ಛಿಸುವುದು, ಕಲ್ಪಿಸುವುದು, ಇಂದ್ರಿಯಾನುಭವ ಪಡೆಯುವುದು. ಇಷ್ಟೂ ಆತ್ಮದ ಖಾತೆಗೆ. ಜಾಗ ಆಕ್ರಮಿಸುವುದೆಲ್ಲ ದೇಹದ ಖಾತೆಗೆ. ಹಾಗಾಗಿ ಸಲಾಕೆ ತೀರ್ಮಾನಶಕ್ತಿಯನ್ನೇ ಕೆಡಿಸಿದರೆ ಪೆಟ್ಟು ನೇರವಾಗಿ ಅವನ ಆತ್ಮಕ್ಕೇ ಬೀಳುತ್ತೆ.

ಸಾಂಖ್ಯ ದರ್ಶನದವರು ಗೆರೆಯನ್ನು ಮನಸ್ಸಿನಾಚೆ ಎಳೆದಿದ್ದಾರೆ. 25 ತತ್ತ್ವ ಎಣಿಸಿ: ಪುರುಷ (ಬರೀ ಅರಿವಾಗಿರುವ ಆತ್ಮ), ಪ್ರಕೃತಿ (ಜಡದ ಮೂಲ), ಬುದ್ಧಿ, ಅಹಂಕಾರ, ಮನಸ್ಸು, ಐದು ಜ್ಞಾನೇಂದ್ರಿಯ, ಐದು ಕರ್ಮೇಂದ್ರಿಯ, ಐದು ತನ್ಮಾತ್ರೆ (ಶಬ್ದ, ಸ್ಪರ್ಶದಂಥ ಸೂಕ್ಷ್ಮಾಂಶಗಳು), ಐದು ಮಹಾಭೂತ. ಪುರುಷನೊಬ್ಬನನ್ನು ಬಿಟ್ಟರೆ ಉಳಿದ 24 ಜಡದ ಪಾಲು. ಧರ್ಮ, ಜ್ಞಾನ, ವೈರಾಗ್ಯ, ಐಶ್ವರ್ಯ, ಇವುಗಳ ವಿರುದ್ಧ ನಾಲ್ಕು, ಈ ಎಂಟೂ ಬುದ್ಧಿಯ ರೂಪಗಳು ಎನ್ನುತ್ತದೆ ಅವರ ಮೂಲಗ್ರಂಥ ಸಾಂಖ್ಯಕಾರಿಕೆಯ 23ನೇ ಕಾರಿಕೆ, ಅಂದ್ರೆ ಶ್ಲೋಕ. ಗೇಜ್‌ನಲ್ಲಿ ಬದಲಾದದ್ದು ಇದೇ ತಾನೆ? ಪುರುಷ ಕರ್ತನೇ ಅಲ್ಲ, ಅವನಿಗೆ ಸ್ವಭಾವವೇ ಇಲ್ಲ, ಬದಲಾಗೋದಕ್ಕೆ ಏನಿದೆ?

ಮನಸ್ಸು ಜಡ ಅನ್ನೋದು ಉಪನಿಷತ್ತಿಗೂ ಹೊಸದಲ್ಲ. ಛಾಂದೋಗ್ಯದ ಆರನೇ ಅಧ್ಯಾಯದಲ್ಲಿ ಉದ್ದಾಲಕ ಮಗನಿಗೆ ಹೇಳುವುದು: ಉಂಡ ಅನ್ನದ ಸ್ಥೂಲಭಾಗ ಮಲ, ನಡುವಿನದು ಮಾಂಸ, ಅತಿ ಸೂಕ್ಷ್ಮಭಾಗ ಮನಸ್ಸು. ಮಾತಿನಲ್ಲೇ ನಿಲ್ಲದೆ ಪರೀಕ್ಷೆಯನ್ನೂ ಮಾಡಿಸುತ್ತಾನೆ. ಶ್ವೇತಕೇತು 15 ದಿನ ಊಟ ಬಿಡಬೇಕು, ನೀರು ಬೇಕಾದಷ್ಟು ಕುಡಿಯಬಹುದು. ಆಮೇಲೆ ಋಕ್ಕು, ಯಜುಸ್ಸು, ಸಾಮ ಹೇಳು ಅಂದರೆ ಹುಡುಗನಿಗೆ ಒಂದೂ ಹೊಳೆಯುವುದಿಲ್ಲ. ಊಟ ಮಾಡಿ ಬಂದ ಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾನೆ. ದೇಹ ಕುಂದಿದರೆ ನೆನಪು ಕುಂದುತ್ತದೆ ಅನ್ನೋದನ್ನ ಆತ್ಮದ ಬಗ್ಗೆ ಹೇಳಹೊರಟ ಗ್ರಂಥವೇ ಮುಂದಿಡುತ್ತಿದೆ. ಆಕ್ಷೇಪ ಅಂತ ಅಲ್ಲ, ಪಾಠ ಅಂತ.

ಪೂರ್ವಪಕ್ಷಿ:
ಸಾಂಖ್ಯವನ್ನ ಇಷ್ಟು ಅಗ್ಗಕ್ಕೆ ಪಾರು ಮಾಡಬೇಡಿ ಸ್ವಾಮಿ. ಪುರುಷ ಪಾರಾದ, ಒಪ್ಪಿದೆ. ಲಿಂಗಶರೀರದ ಗತಿ? ಬುದ್ಧಿ, ಅಹಂಕಾರ, ಮನಸ್ಸು, ಹತ್ತು ಇಂದ್ರಿಯ, ಐದು ತನ್ಮಾತ್ರೆ, ಒಟ್ಟು 18. 40ನೇ ಕಾರಿಕೆ ಪ್ರಕಾರ ಅದು ನೀವು ಹೇಳಿದ ಅದೇ ಎಂಟು ಭಾವಗಳನ್ನು ಹೊತ್ತುಕೊಂಡು ದೇಹದಿಂದ ದೇಹಕ್ಕೆ ಹೋಗುತ್ತೆ. ಇಡೀ ದೇಹ ಸುಟ್ಟು ಬೂದಿಯಾದರೂ ಮಾಸದ ಸಂಸ್ಕಾರ (ಅನುಭವ ಒಳಗೆ ಉಳಿಸಿದ ಅಚ್ಚು), ಬದುಕಿದ್ದಾಗ ತಲೆಗೆ ಬಿದ್ದ ಒಂದು ಪೆಟ್ಟಿಗೆ ಯಾಕೆ ಮಾಸುತ್ತೆ?

ಎರಡೇ ದಾರಿ. ಮೆದುಳು ಬರೀ ಉಪಕರಣ, ಒಳಗಿನ ಬುದ್ಧಿ ಸರಿಯಾಗಿಯೇ ಇದೆ ಅಂದ್ರೆ ಅದು ದೇಕಾರ್ತ್‌ನ ಕಡೆಯವರು ಹೇಳುವ ಸಮಾಧಾನವೇ. ಇಲ್ಲ, ಸೂಕ್ಷ್ಮವೇ ಕೆಟ್ಟಿತು ಅಂದ್ರೆ ಮುಂದಿನ ಜನ್ಮಕ್ಕೆ ಹೋಗೋದು ಯಾವ ಸ್ವಭಾವ, ಪೆಟ್ಟಿಗೆ ಮುಂಚಿನದೋ ಆಮೇಲಿನದೋ?

ಇನ್ನೊಂದು, ಗೇಜ್ ಕಥೆಯನ್ನ ಹುಷಾರಾಗಿ ಬಳಸಿ. ಆತ ಆಮೇಲೆ ಚಿಲಿಯಲ್ಲಿ ವರ್ಷಗಟ್ಟಲೆ ಪ್ರಯಾಣಿಕರ ಕುದುರೆ ಸಾರೋಟು ಓಡಿಸಿದ. ಪೂರ್ತಿ ಹದಗೆಟ್ಟವನಿಂದ ಆಗೋ ಕೆಲಸ ಅಲ್ಲ ಅದು.

ಕಾರಿಕೆ:
ಪೆಟ್ಟು ಸರಿಯಾದ ಜಾಗಕ್ಕೇ ಬಿದ್ದಿದೆ. ಲಿಂಗ ಆಶ್ರಯವಿಲ್ಲದೆ ನಿಲ್ಲದು ಎನ್ನುವ 41ನೇ ಕಾರಿಕೆಯನ್ನು ತೋರಿಸಿ ಮೆದುಳೇ ಆ ಆಶ್ರಯ ಅನ್ನಬಹುದಿತ್ತು. ಆದರೆ ವ್ಯಾಖ್ಯಾನಕಾರ ವಾಚಸ್ಪತಿ ಮಿಶ್ರ ಅಲ್ಲಿ ಆಶ್ರಯ ಅಂದ್ರೆ ಸೂಕ್ಷ್ಮದೇಹ ಎಂದೇ ವಿವರಿಸ್ತಾರೆ. ಸ್ಥೂಲದೇಹ ಅಂತ ಹಿಗ್ಗಿಸಿದರೆ ಮರಣಾನಂತರದ ಪ್ರಯಾಣ ಕಷ್ಟ, ಹಿಗ್ಗಿಸದಿದ್ದರೆ ಗೇಜ್ ಕಷ್ಟ.

ಅಣುಮನಸ್:
ನ್ಯಾಯ-ವೈಶೇಷಿಕ ದರ್ಶನವನ್ನ ಬಿಟ್ಟೇಬಿಟ್ರಲ್ಲ. ಒಂಬತ್ತು ದ್ರವ್ಯಗಳಲ್ಲಿ ಆತ್ಮ ಒಂದು, ಮನಸ್ಸು ಇನ್ನೊಂದು. ಆತ್ಮ ವಿಭು (ಎಲ್ಲೆಡೆ ವ್ಯಾಪಿಸಿದ್ದು), ಮನಸ್ಸು ಅಣು (ಅತಿ ಸಣ್ಣದು). ಜ್ಞಾನ, ಇಚ್ಛೆ, ದ್ವೇಷ, ಸುಖ, ದುಃಖ, ಪ್ರಯತ್ನ ಇವೆಲ್ಲ ಆತ್ಮದ ಗುಣಗಳೇ, ಆದರೆ ತಮ್ಮಷ್ಟಕ್ಕೆ ಹುಟ್ಟುವುದಿಲ್ಲ. ಕಣ್ಣೆದುರಿನ ವಸ್ತು ಕಾಣಬೇಕಾದರೆ ಆತ್ಮ ಮನಸ್ಸಿಗೆ, ಮನಸ್ಸು ಇಂದ್ರಿಯಕ್ಕೆ, ಇಂದ್ರಿಯ ವಸ್ತುವಿಗೆ ಕೂಡಬೇಕು. ನಡುವೆ ಒಂದು ಕೊಂಡಿ ಕಳಚಿದರೂ ಜ್ಞಾನ ಹುಟ್ಟಲ್ಲ. ಆತ್ಮಕ್ಕೆ ಗಾಯವೇ ಆಗದೆ ಜ್ಞಾನ ನಿಲ್ಲೋದನ್ನ ವಿವರಿಸೋಕೆ ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡು ಸಿಗೋದು ಕಷ್ಟ.

ಮನಸ್ಸು ಅಣು ಯಾಕೆ? ಐದೂ ಇಂದ್ರಿಯ ತೆರೆದಿದ್ದರೂ ಒಂದು ಕ್ಷಣಕ್ಕೆ ಒಂದೇ ಜ್ಞಾನ ಹುಟ್ಟುತ್ತೆ ಅನ್ನೋದೇ ಅವರ ಆಧಾರ. ಗರಿಗರಿ ತಿಂಡಿ ಕಚ್ಚಿದಾಗ ಸದ್ದು, ರುಚಿ, ವಾಸನೆ, ಬಣ್ಣ ಒಟ್ಟಿಗೇ ಬಂದವಲ್ಲ ಅಂದ್ರೆ, ನೂರು ಕಮಲದೆಸಳು ಪೇರಿಸಿಟ್ಟು ಸೂಜಿ ಚುಚ್ಚಿದ ಹಾಗೆ ಅನ್ನುತ್ತಾರೆ: ಒಂದೊಂದಾಗೇ ತೂತಾಗುತ್ತೆ, ವೇಗಕ್ಕೆ ಒಟ್ಟಿಗೇ ಆದಂತೆ ಕಾಣುತ್ತೆ.

ತೊಡಕಿರೋದು ನೆನಪಿನಲ್ಲಿ. ಸಂಸ್ಕಾರ ಕೂತಿರುವುದು ಆತ್ಮದಲ್ಲೇ ಎನ್ನುವವರು ಇವರು. ಹಾಗಾದರೆ ಮೆದುಳು ಕೆಟ್ಟಾಗ ನೆನಪು ಹೋಗೋದು ಹೇಗೆ? ಸಂಸ್ಕಾರ ಇದೆ, ಅದನ್ನು ಎಬ್ಬಿಸುವ ಉದ್ಬೋಧಕ ಇಲ್ಲ ಅನ್ನೋದೇ ಉತ್ತರ. ಪೆಟ್ಟಾದ ಕೆಲವು ತಿಂಗಳ ಮೇಲೆ ಮರಳಿ ಬರುವ ನೆನಪುಗಳಿಗೆ ಇದು ಚೆನ್ನಾಗಿ ಹೊಂದುತ್ತೆ. ಎಂದೂ ಬಾರದ ನೆನಪಿನ ವಿಷಯದಲ್ಲಿ ಮಾತ್ರ 'ಇದೆ, ಆದರೆ ಏಳುತ್ತಿಲ್ಲ' ಅನ್ನೋದಕ್ಕೂ 'ಇಲ್ಲ' ಅನ್ನೋದಕ್ಕೂ ಹೊರಗಿನಿಂದ ವ್ಯತ್ಯಾಸ ತೋರಿಸೋಕಾಗಲ್ಲ. ಮೋಕ್ಷದಲ್ಲಿ ಜ್ಞಾನವೂ ಇಲ್ಲ, ಸುಖವೂ ಇಲ್ಲ ಅಂತ ಒಪ್ಪಬೇಕಾಗುವುದು ಇನ್ನೊಂದು ದಂಡ. ಕಲ್ಲಾಗೋದೇ ಮುಕ್ತಿಯಾ ಎಂದು ಎದುರಾಳಿಗಳು ಛೇಡಿಸಿದ್ದು ಅದಕ್ಕೇ.

ಸಂಶಯಾತ್ಮ:
ದೇಕಾರ್ತ್‌ಗೆ ಇದನ್ನೆಲ್ಲ ಯಾರೂ ಕೇಳಲಿಲ್ವಾ? ಮಧ್ವರ ಸಾಕ್ಷಿ ಎಲ್ಲಿ ಬರುತ್ತೆ?

ಪೂರ್ವಪಕ್ಷಿ:
ಕೇಳಿದ್ದಾಳೆ, ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್, 1643ರ ಮೇ ತಿಂಗಳ ಪತ್ರದಲ್ಲಿ. ಒಂದು ವಸ್ತು ಚಲಿಸಬೇಕಾದರೆ ಯಾವುದೋ ಒಂದು ಅದನ್ನು ಮುಟ್ಟಿ ತಳ್ಳಬೇಕು. ಮುಟ್ಟೋದಕ್ಕೆ ಆಕಾರ ಬೇಕು. ಆತ್ಮಕ್ಕೆ ಆಕಾರವಿಲ್ಲ ಅಂತ ನೀವೇ ಹೇಳ್ತೀರಿ, ಮತ್ತೆ ಕೈಯನ್ನ ಎತ್ತಿಸುವುದು ಹೇಗೆ? ದೇಹಾತ್ಮಗಳ ಕೂಟ ತರ್ಕದಿಂದಲ್ಲ, ನಿತ್ಯದ ಬದುಕಿನಿಂದ ತಿಳಿಯುವ ಮೂಲಕಲ್ಪನೆ ಅಂತ ದೇಕಾರ್ತ್ ಉತ್ತರಿಸಿದ. ಆಕೆ ಒಪ್ಪಲಿಲ್ಲ. 1649ರ ಪುಸ್ತಕದಲ್ಲಿ ಮೆದುಳಿನ ನಡುವಿನ ಪೀನಿಯಲ್ ಗ್ರಂಥಿಯನ್ನೇ ಆತ್ಮದ ಮುಖ್ಯ ಠಾಣೆ ಮಾಡಿದ. ಜಾಗ ತೋರಿಸಿದ್ದಾಯ್ತು, ಹೇಗೆ ಅನ್ನೋದು ಹಾಗೇ ಉಳೀತು.

ಮಧ್ವಮತದಲ್ಲಿ ಮನಸ್ಸು ಜಡ, ಸಾಕ್ಷಿ ಜೀವದ ಸ್ವರೂಪೇಂದ್ರಿಯ, ಅಂದ್ರೆ ಆತ್ಮದ್ದೇ ಆದ ಒಳಗಣ್ಣು. ಸುಖದುಃಖ, ಕಾಲ, ಹುಟ್ಟಿದ ಜ್ಞಾನ, ಆ ಜ್ಞಾನದ ಪ್ರಾಮಾಣ್ಯ (ಅದು ನಿಜವೇ ಅನ್ನೋದು) ಇವನ್ನು ಹಿಡಿಯೋದು ಸಾಕ್ಷಿ. ಗೇಜ್ ಇಲ್ಲಿ ದೊಡ್ಡ ತೊಂದರೆಯಲ್ಲ, ಕೆಟ್ಟದ್ದು ಮನಸ್ಸು ಅಂದರಾಯ್ತು. ಕಷ್ಟ ಕೊಡೋದು ಬೇರೆ ರೋಗಿಗಳು: ಪಾರ್ಶ್ವವಾಯುವಿನಿಂದ ಎಡಗೈ ಬಿದ್ದುಹೋಗಿದ್ದರೂ 'ನನ್ನ ಕೈ ಸರಿಯಿದೆ' ಅಂತ ಪೂರ್ತಿ ನಂಬಿಕೆಯಿಂದ ಹೇಳೋರು. ಕೈ ಹೊರಗಿನ ವಿಷಯ, ಅಲ್ಲಿ ತಪ್ಪಿದ್ದು ಮನಸ್ಸು, ಸರಿ. ಆದರೆ ಆ ಜ್ಞಾನ ನೆಟ್ಟಗಿಲ್ಲ ಅಂತ ಪರೀಕ್ಷಿಸಬೇಕಾದ ಸಾಕ್ಷಿ ಯಾಕೆ ಸುಮ್ಮನಿದೆ?

ಅಣುಮನಸ್:
ಚಾರ್ವಾಕನಿಗೆ ಇದ್ಯಾವ ತಲೆನೋವೂ ಇಲ್ಲ, ನಾಲ್ಕು ಭೂತ ಕೂಡಿದಾಗ ಚೈತನ್ಯ ಹುಟ್ಟುತ್ತೆ, ಅಷ್ಟೇ. ಬೌದ್ಧರಿಗೂ ಐದು ಸ್ಕಂಧಗಳ (ದೇಹ, ವೇದನೆ ಮುಂತಾದ ಗುಂಪುಗಳ) ಹಿಂದೆ ಯಜಮಾನನೇ ಇಲ್ಲದ್ದರಿಂದ ಬದಲಾವಣೆ ಸಮಸ್ಯೆಯಲ್ಲ. ಮಾಡಿದವನೊಬ್ಬ ಉಣ್ಣುವವನೊಬ್ಬ ಆಗಲ್ವಾ ಅನ್ನೋ ಕರ್ಮದ ಪ್ರಶ್ನೆಗೆ ಮಾತ್ರ ಉತ್ತರ ಕೊಡ್ತಾ ಕೂರಬೇಕು.

ಸಂಶಯಾತ್ಮ ಅವರೇ, ಯಾವ ದರ್ಶನ ಓದುವಾಗಲೂ ನೆನಪು ಎಲ್ಲಿದೆ, ನೋವು ಯಾರದ್ದು, ತೀರ್ಮಾನ ಯಾರದ್ದು ಅಂತ ಮೂರು ಕಾಲಂ ಹಾಕಿಕೊಳ್ಳಿ. ಆಮೇಲೆ ರೋಗಿಯ ಕಥೆ ಹಚ್ಚಿ ನೋಡಿ. 'ಆತ್ಮವಾದ' ಅಂತ ಒಂದೇ ಬುಟ್ಟಿಗೆ ಹಾಕಿದ್ರೆ ಯಾವುದು ಎಲ್ಲಿ ಮುರಿಯುತ್ತೆ ಅನ್ನೋದು ಗೊತ್ತೇ ಆಗಲ್ಲ.

ಸಂಶಯಾತ್ಮ:
ಗಾಢನಿದ್ರೆಗೂ ಹಚ್ಚಬಹುದಾ?

ಕಾರಿಕೆ:
ಧಾರಾಳವಾಗಿ. 'ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ' ಅಂತ ಎದ್ದವನು ಹೇಳೋದು ನೆನಪು, ನೆನಪಿರಬೇಕಾದರೆ ಆಗ ಅನುಭವ ಇದ್ದಿರಲೇಬೇಕು ಅಂತ ಅದ್ವೈತಿ. ಅದು ನೆನಪಲ್ಲ, ಎದ್ದ ಮೇಲೆ ಮೈ ಹಗುರವಾಗಿರೋದನ್ನ ನೋಡಿ ಮಾಡಿದ ಅನುಮಾನ ಅಂತ ನೈಯಾಯಿಕ. ಮೊದಲ ಕಾಲಂನಿಂದಲೇ ಶುರು ಮಾಡಿ.