ಗಲ್ಫ್ ಸ್ಟ್ರೀಮ್‌ನಲ್ಲಿ ಬೋಟ್ ಮುಂದೆ ಹೋಗ್ತಿಲ್ಲ: ಬಹಾಮಾಸ್ ಮೊದಲ ಟ್ರಿಪ್, ಸಹಾಯ ಬೇಕು

ಹಾಯಿ_ಹೊಸಬ
ನಮಸ್ಕಾರ. ತುಂಬಾ ಬೇಜಾರಲ್ಲಿ ಬರೆಯುತ್ತಿದ್ದೇನೆ. ಮಯಾಮಿಯಿಂದ ಗಲ್ಫ್ ಸ್ಟ್ರೀಮ್ ಅನ್ನೋ ಸಮುದ್ರ ಪ್ರವಾಹ ದಾಟಿ ಬಹಾಮಾಸ್‌ನ ಬಿಮಿನಿ ದ್ವೀಪ, ಅಲ್ಲಿಂದ ನಸ್ಸಾವ್, ಆಮೇಲೆ ಎಕ್ಸುಮಾ ದ್ವೀಪಗಳ ಸಾಲು ಹಿಡಿದು ಜಾರ್ಜ್ ಟೌನ್‌ವರೆಗೆ ಹೋಗಿ ಬರಬೇಕು ಅಂತ ಎರಡು ವರ್ಷದಿಂದ ತಯಾರಿ ನಡೆಸಿದ್ದೆ. ಮೊನ್ನೆ ಬೆಳಗಿನ ಜಾವ 5ಕ್ಕೆ ಮಯಾಮಿ ಪಕ್ಕದ ಕೀ ಬಿಸ್ಕೇನ್‌ನಿಂದ ಹೊರಟೆವು. ಬಿಸ್ಕೇನ್ ಬೇ ಒಳಗೆ 6 ನಾಟ್ (ಗಂಟೆಗೆ ಸುಮಾರು 11 ಕಿ.ಮೀ.) ಆರಾಮಾಗಿ ಓಡುವ ಹಾಯಿಬೋಟ್, 12 ಮೈಲಿ ಹೊರಗೆ ಹೋಗುವಷ್ಟರಲ್ಲಿ ಪ್ಲಾಟರ್‌ನಲ್ಲಿ (ಜಿಪಿಎಸ್ ನಕ್ಷೆಯ ಪರದೆ) 3.5 ತೋರಿಸುತ್ತಿತ್ತು. ಗಾಳಿ ಚೆನ್ನಾಗೇ ಇತ್ತು, 15 ನಾಟ್. ಅಲೆ ಮಾತ್ರ ಗೋಡೆ ಥರ ಎದ್ದು ನಿಲ್ಲುತ್ತಿತ್ತು. ಮಗಳಿಗೆ ವಾಂತಿ, ಹೆಂಡತಿ ಬಕೆಟ್ ಹಿಡಿದುಕೊಂಡೇ ಕೂತಳು. ವಾಪಸ್ ಬಂದುಬಿಟ್ಟೆವು. ಎಂಜಿನ್ ಸರ್ವೀಸ್ ಆಗಿ ತಿಂಗಳೂ ಆಗಿಲ್ಲ. ರಜೆ ಇರುವುದು 14 ದಿನ, ಅದರಲ್ಲಿ 2 ಹೋಯಿತು. ಏನು ತಪ್ಪಾಯಿತು, ಯಾರಾದರೂ ಹೇಳಿ.

ಡೀಸೆಲ್_ಮೇಷ್ಟ್ರು
ಪ್ರೊಪೆಲ್ಲರ್. ಬೇರೆ ಏನೂ ಅಲ್ಲ. ಫ್ಲೋರಿಡಾದ ಬೆಚ್ಚಗಿನ ನೀರಲ್ಲಿ ಬೋಟ್ ಒಂದೆರಡು ತಿಂಗಳು ಸುಮ್ನೆ ನಿಂತರೆ ಸಾಕು, ಚಿಪ್ಪು ಹತ್ತಿಕೊಳ್ಳುತ್ತದೆ. ಎಂಜಿನ್ ಕೂಗುತ್ತದೆ, ಬೋಟ್ ಹೋಗುವುದಿಲ್ಲ. ನೀರಿಗಿಳಿದು ನೋಡಿ.

ಹಾಯಿ_ಹೊಸಬ
ಇವತ್ತೇ ಇಳಿದು ನೋಡಿದೆ ಸರ್. ಉಗುರಿನಷ್ಟು ದೊಡ್ಡವು ನಾಲ್ಕೈದು ಇದ್ದವು, ಕೆರೆದು ತೆಗೆದೆ. ಅಷ್ಟೇ.

ಡೀಸೆಲ್_ಮೇಷ್ಟ್ರು
ಹಾಗಾದರೆ ಫ್ಯೂಯಲ್ ಫಿಲ್ಟರ್. ಅಲೆಯಲ್ಲಿ ಟ್ಯಾಂಕ್ ಕುಲುಕಿದಾಗ ತಳದ ಕೆಸರೆಲ್ಲ ಎದ್ದು ಫಿಲ್ಟರ್ ಕಟ್ಟುತ್ತದೆ. ಒಳಗೆ ನಿಂತ ನೀರಲ್ಲಿ ಇದು ಗೊತ್ತೇ ಆಗುವುದಿಲ್ಲ. ಎರಡು ಬಿಡಿ ಫಿಲ್ಟರ್ ಇಲ್ಲದೆ ಗಲ್ಫ್ ಸ್ಟ್ರೀಮ್‌ಗೆ ಹೋಗಲೇಬಾರದು. ನನ್ನ ಹತ್ತಿರ ಆರು ಇರುತ್ತವೆ.

ಗಂಗೊಳ್ಳಿ_ಅಳಿವೆ
ಮಾರಾಯ್ರೆ, ಎಂಜಿನ್ ಬಿಚ್ಚುವ ಮೊದಲು ಗಾಳಿ ಯಾವ ದಿಕ್ಕಿನದು ಅಂತ ಕೇಳಬೇಕಲ್ವಾ? ಹೊಸಬರೇ, 15 ನಾಟ್ ಅಂದಿರಿ, ಎಲ್ಲಿಂದ ಬೀಸುತ್ತಿತ್ತು ಅಂತ ಹೇಳಲಿಲ್ಲ. ಆಟೋಪೈಲಟ್ ಯಾವ ಮೋಡ್‌ನಲ್ಲಿತ್ತು?

ಹಾಯಿ_ಹೊಸಬ
ಉತ್ತರದಿಂದ. ಹಿಂದಿನ ದಿನ ಫ್ರಂಟ್ (ತಣ್ಣನೆ ಗಾಳಿ ತರುವ ಹವಾಮಾನದ ಸಾಲು) ದಾಟಿ ಹೋಗಿತ್ತು, ಆಕಾಶ ನೀಲಿ, ಚೆನ್ನಾಗಿ ಚಳಿ ಇತ್ತು. ನಾವು ಹೋಗುವುದು ಪೂರ್ವಕ್ಕೆ. ಗಾಳಿ ಪಕ್ಕದಿಂದ ಬಂದರೆ ಬೋಟ್ ಒಳ್ಳೇ ಓಡುತ್ತದೆ ಅಂತ ಆ ದಿನವೇ ಆರಿಸಿಕೊಂಡೆ. ಆಟೋಪೈಲಟ್ ಟ್ರ್ಯಾಕ್ ಮೋಡ್‌ನಲ್ಲಿತ್ತು, ಮಯಾಮಿಯಿಂದ ಬಿಮಿನಿಗೆ ನೇರ ಗೆರೆ.

ಗಂಗೊಳ್ಳಿ_ಅಳಿವೆ
ಸಿಕ್ಕಿತು ನೋಡಿ. ಎರಡು ತಪ್ಪು ಒಟ್ಟಿಗೆ ಆಗಿವೆ, ಎರಡೂ ಎಂಜಿನ್‌ದಲ್ಲ.

ನಮ್ಮೂರ ಅಳಿವೆಯಲ್ಲಿ ಇಳಿತದ ನೀರು ಹೊರಗೆ ನುಗ್ಗುವಾಗ ಸಮುದ್ರದ ಗಾಳಿ ಎದುರಿಂದ ಬಂದರೆ ಅಲೆ ಹೇಗೆ ಏಳುತ್ತದೆ ಅಂತ ಚಿಕ್ಕವನಿದ್ದಾಗ ದೋಣಿಯಲ್ಲಿ ಕೂತು ನೋಡಿದ್ದೇನೆ. ಅಲೆ ಉದ್ದಕ್ಕೆ ಉರುಳುವುದಿಲ್ಲ. ಅಲೆಗಳ ನಡುವಿನ ಅಂತರ ಕಮ್ಮಿ ಆಗುತ್ತದೆ, ಅಲೆ ಕಡಿದಾಗುತ್ತದೆ, ದೋಣಿಯ ಮೂತಿ ಒಂದರಿಂದ ಏಳುವ ಮೊದಲೇ ಇನ್ನೊಂದಕ್ಕೆ ಬೀಳುತ್ತದೆ. ಗಲ್ಫ್ ಸ್ಟ್ರೀಮ್ ಅಂದರೆ ನಿಲ್ಲದೆ ಉತ್ತರಕ್ಕೆ ಹರಿಯುವ ದೊಡ್ಡ ಹೊಳೆ. ಬಡಗು ಗಾಳಿ ಅದರ ಎದುರಿಗೇ ಬೀಸುತ್ತದೆ. ನಿಮ್ಮ ಹಾಯಿಗೆ ಅದು ಪಕ್ಕದ ಗಾಳಿ, ನೀರಿಗೆ ಎದುರು ಗಾಳಿ. ವಾಯವ್ಯ, ಉತ್ತರ, ಈಶಾನ್ಯ ಮೂರೂ ಬೇಡ. 10 ನಾಟ್ ಆದರೂ ಬೇಡ.

ಎರಡನೆಯದು ಟ್ರ್ಯಾಕ್ ಮೋಡ್. ಹೊಳೆ ನಿಮ್ಮನ್ನು ಉತ್ತರಕ್ಕೆ ತಳ್ಳುತ್ತದೆ. ಆಟೋಪೈಲಟ್ ಗೆರೆ ಬಿಡಬಾರದು ಅಂತ ಮೂತಿಯನ್ನು ದಕ್ಷಿಣಕ್ಕೆ ತಿರುಗಿಸುತ್ತಾ ಹೋಗುತ್ತದೆ. ನಡುಭಾಗದಲ್ಲಿ ಹರಿವು 3.5 ನಾಟ್ ಇದ್ದು, ಅಲೆ ಹೊಡೆತಕ್ಕೆ ನಿಮ್ಮ 6 ನಾಟ್ 5ಕ್ಕೆ ಇಳಿದಿದ್ದರೆ, ಬಿಮಿನಿ ಕಡೆಗೆ ಉಳಿಯುವುದು ಸುಮಾರು 3.5 (ಹರಿವು ಅಡ್ಡದಿಂದ ತಳ್ಳುವುದರಿಂದ ಇದು ನೇರ ಕಳೆಯುವ ಲೆಕ್ಕ ಅಲ್ಲ). ನೀವು ಪ್ಲಾಟರ್‌ನಲ್ಲಿ ನೋಡಿದ್ದೂ ಅಷ್ಟೇ. ಬೋಟ್ ಸರಿಯಾಗೇ ಓಡಿದೆ.

ಡೀಸೆಲ್_ಮೇಷ್ಟ್ರು
ಲೆಕ್ಕ ಸರಿ ಇರಬಹುದು. ಆದರೂ ಫಿಲ್ಟರ್ ನೋಡದೆ ಹೋಗುವುದನ್ನು ನಾನು ಒಪ್ಪುವುದಿಲ್ಲ.

ಟ್ಯಾಂಪಾ_ಕ್ಯಾಟ್
ಕ್ಯಾಟಮರಾನ್ (ಜೋಡಿ ಒಡಲಿನ ಬೋಟ್) ತಗೊಂಡಿದ್ದರೆ ಬಕೆಟ್ ಬೇಕಾಗ್ತಿರಲಿಲ್ಲ. ನನ್ನದು 38 ಅಡಿ, 3.5 ಅಡಿ ನೀರಲ್ಲಿ ತೇಲುತ್ತದೆ. ಮೇಲೆ 1200 ವಾಟ್ ಸೋಲಾರ್, ಲಿಥಿಯಂ ಬ್ಯಾಟರಿ, ಇಂಡಕ್ಷನ್ ಒಲೆ. ಎಕ್ಸುಮಾದ ಸ್ಟಾನಿಯಲ್ ಕೇ ದ್ವೀಪದ ಎದುರು ಲಂಗರು ಹಾಕಿ ಕುಕ್ಕರ್‌ನಲ್ಲಿ ಬಿಸಿಬೇಳೆಬಾತ್ ಮಾಡಿದ್ದೇವೆ.

ಗಂಗೊಳ್ಳಿ_ಅಳಿವೆ
ಎದುರು ಅಲೆಗೆ ಕ್ಯಾಟ್ ಅಡಿಭಾಗ ದಬದಬ ಬಡಿಯುವುದನ್ನೂ ಹೇಳಿ ಸರ್. ಬಡಗು ಗಾಳಿಯಲ್ಲಿ ಅದಕ್ಕೂ ಸುಖ ಇಲ್ಲ. ಅವರ ಹತ್ತಿರ ಇರುವ ಬೋಟ್ ಬಗ್ಗೆ ಮಾತಾಡೋಣ.

ಟ್ಯಾಂಪಾ_ಕ್ಯಾಟ್
ನಾನು ಮೂರು ಸಲ ದಾಟಿದ್ದೇನೆ, ಅನುಭವದಿಂದ ಹೇಳಿದ್ದು.

ಹಾಯಿ_ಹೊಸಬ
ದಯವಿಟ್ಟು ಜಗಳ ಬೇಡ. ಅಳಿವೆ ಅಣ್ಣ, ನೀವು ಹೇಳಿದ್ದು ಓದಿ ಅರ್ಧ ಭಾರ ಇಳಿಯಿತು. ಹಾಗಾದರೆ ಯಾವಾಗ ಹೊರಡಲಿ? ಬೋಟ್ 34 ಅಡಿ, ಕೀಲ್ (ತಳದ ರೆಕ್ಕೆ) ನೀರೊಳಗೆ 6 ಅಡಿ 3 ಇಂಚು. ಹೆಂಡತಿಗೆ ರಾತ್ರಿ ಸೈಲಿಂಗ್ ಬೇಡ.

ಗಂಗೊಳ್ಳಿ_ಅಳಿವೆ
6 ಅಡಿ 3 ಇಂಚು ಅನ್ನೋದನ್ನು ಮೊದಲ ಸಾಲಲ್ಲೇ ಹೇಳಬೇಕಿತ್ತು! ಬಹಾಮಾ ಬ್ಯಾಂಕ್ ಅನ್ನೋ ಆಳವಿಲ್ಲದ ಸಮುದ್ರದಲ್ಲಿ 10-12 ಅಡಿ ನೀರೇ ಜಾಸ್ತಿ, ಕೆಲವು ಕಡೆ ಅದಕ್ಕಿಂತ ಕಮ್ಮಿ. ಉಬ್ಬರ ಇಳಿತದ ವ್ಯತ್ಯಾಸ ಸುಮಾರು 3 ಅಡಿ. ಹೋಗಬಹುದು, ಆದರೆ ಕೆಲವು ಲಂಗರು ಜಾಗ ಬಿಡಬೇಕಾಗುತ್ತದೆ.

ಚಳಿಗಾಲದಲ್ಲಿ ಫ್ರಂಟ್ ಬರುವ ಮೊದಲು ಗಾಳಿ ಆಗ್ನೇಯದಿಂದ ದಕ್ಷಿಣಕ್ಕೆ, ಆಮೇಲೆ ನೈರುತ್ಯಕ್ಕೆ ತಿರುಗುತ್ತದೆ. ಆ ದಕ್ಷಿಣದ ಗಾಳಿ ಮೆತ್ತಗಿರುವಾಗ ದಾಟಬೇಕು. ರಾತ್ರಿ 3ಕ್ಕೆ ಹೊರಡಿ. ಹೆಂಡತಿಯವರು ಮಲಗಿರಲಿ, ಬೆಳಕಿದ್ದಾಗಲೇ ಬಿಮಿನಿ ಮುಟ್ಟುತ್ತೀರಿ. ಟ್ರ್ಯಾಕ್ ಮೋಡ್ ಬಿಡಿ. ಮೊದಲೇ ದಕ್ಷಿಣಕ್ಕೆ 25-30 ಡಿಗ್ರಿ ಮೂತಿ ಇಟ್ಟು ಅದೇ ಹೆಡಿಂಗ್ ಹಿಡಿಯಿರಿ. ನಡುವೆ ಗೆರೆಯಿಂದ ಆಚೀಚೆ ಹೋದರೂ ಗಾಬರಿ ಬೇಡ, ಗಂಟೆಗೊಮ್ಮೆ ನೋಡಿ ಸರಿಮಾಡಿಕೊಳ್ಳಿ. ಇನ್ನೂ ದಕ್ಷಿಣದ ಏಂಜಲ್‌ಫಿಶ್ ಕ್ರೀಕ್ ಕಡೆಯಿಂದ ಹೊರಟರೆ ಹರಿವು ನಿಮಗೇ ಸಹಾಯ ಮಾಡುತ್ತದೆ. ಆದರೆ ಆ ಕ್ರೀಕ್ ಬಾಯಲ್ಲಿ ನಿಮ್ಮ ಕೀಲ್‌ಗೆ ನೀರು ಸಾಲದು, ಹೊರಗಿನಿಂದ ಸುತ್ತಿ ಬರಬೇಕು.

ಇನ್ನು ಜಾರ್ಜ್ ಟೌನ್ ಆಸೆ ಈ ಸಲ ಬಿಟ್ಟುಬಿಡಿ. ಹಗಲಷ್ಟೇ ಓಡಿಸಿದರೆ ಹೋಗೋದಕ್ಕೇ ಆರು ದಿನ, ಬರೋದಕ್ಕೆ ಆರು ದಿನ. ಫ್ರಂಟ್ ಬಂದರೆ ಎರಡು ಮೂರು ದಿನ ಕಾಯಬೇಕು, ಆಗ ಎಲ್ಲಿಂದ ತರುತ್ತೀರಿ? ಕ್ಯಾಲೆಂಡರ್ ನೋಡಿ ಹೊರಟವರಿಗೇ ಪೆಟ್ಟು ಬೀಳುವುದು. ಎಕ್ಸುಮಾದ ಲಂಗರು ಜಾಗಗಳು ಹೆಚ್ಚಿನವು ದ್ವೀಪದ ಪಶ್ಚಿಮಕ್ಕಿವೆ. ಫ್ರಂಟ್‌ನ ಪಶ್ಚಿಮ ಗಾಳಿ ಬಂದ ರಾತ್ರಿ ಅಲ್ಲಿ ಮರೆಯೇ ಇರುವುದಿಲ್ಲ.

ಲಂಗರು_ಪ್ರಿಯ
ಅದಕ್ಕೇ ಲಂಗರು ದೊಡ್ಡದಿರಬೇಕು. ಹಾಕಿದ ಮೇಲೆ ಮಾಸ್ಕ್ ಹಾಕಿಕೊಂಡು ಈಜಿ ಹೋಗಿ ನೋಡಿ. ಅಲ್ಲಿನ ನೀರು ಗಾಜಿನಂತೆ, 12 ಅಡಿ ಕೆಳಗೆ ಚೈನ್‌ನ ಒಂದೊಂದು ಕೊಂಡಿ ಕಾಣುತ್ತದೆ. ಲಂಗರಿನ ಮೂತಿ ಬಿಳಿ ಮರಳಲ್ಲಿ ಪೂರ್ತಿ ಹೂತಿದ್ದರೆ ನಿದ್ದೆ ಬರುತ್ತದೆ. ಹುಲ್ಲಿನ ಮೇಲೆ ಅಡ್ಡ ಬಿದ್ದಿದ್ದರೆ ಎತ್ತಿ ಮತ್ತೆ ಹಾಕಿ, ಸೋಮಾರಿತನ ಬೇಡ. ನಿಮ್ಮದು ಎಷ್ಟು ಕೆಜಿ?

ಹಾಯಿ_ಹೊಸಬ
ಲಂಗರು ನಾಳೆ ತೂಗಿ ಹೇಳುತ್ತೇನೆ. ಹೆಂಡತಿ ಜೊತೆ ಮಾತಾಡಿದೆ. ಈ ಸಲ ಬಿಮಿನಿ, ಆಗಿಬಂದರೆ ನಸ್ಸಾವ್ ದಾರಿಯ ಚಬ್ ಕೇ ದ್ವೀಪ, ಅಷ್ಟೇ. ಬುಧವಾರ ರಾತ್ರಿಗೆ ದಕ್ಷಿಣದ ಗಾಳಿ 8 ನಾಟ್ ಅಂತ ತೋರಿಸುತ್ತಿದೆ, ಶುಕ್ರವಾರ ಮಧ್ಯಾಹ್ನ ಮುಂದಿನ ಫ್ರಂಟ್. ಗುರುವಾರ ಬೆಳಗಿನ ಜಾವ 3ಕ್ಕೆ ಹೊರಟರೆ ಸಾಕಾ, ಅಥವಾ ಫ್ರಂಟ್ ಅಷ್ಟು ಹತ್ತಿರ ಇರುವಾಗ ಬೇಡವಾ?

ಡೀಸೆಲ್_ಮೇಷ್ಟ್ರು
ಫಿಲ್ಟರ್ ಬದಲಾಯಿಸಿದಿರಾ?